ಹುಣಸೆಹಣ್ಣು ಹಾಕಿ ತಿಕ್ಕಿದ ಕುದುರೆ

"ನಿಮ್ಮನೆ ಚೊಂಬು ಅಂದ್ಕೊಂಡ್ಯೇನಮ್ಮಾ ಇದನ್ನ?" ಎಂದ ಸೂಪರ್‌ವೈಸರ್ ಚನ್ನೇಶ್.

ಪಾರ್ಕು ಗುಡಿಸುವ ಸರ್ವಮಂಗಳ ಹುಣಸೆಹಣ್ಣಿನ ಉಂಡೆ ಹಿಡಿದು ನಿಂತಿದ್ದಳು. ಗೇಟಿನ ಎಡಗಡೆಯ ಕಂಚಿನ ಕುದುರೆ ಹೊಸ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಬಲಗಡೆಯದು ಎಂದಿನಂತೆ ಹಸಿರುಗಪ್ಪು. ನಾಳೆ ಆಯುಧಪೂಜೆ. ತಳ್ಳುಗಾಡಿ, ಗುದ್ದಲಿ, ನೀರಿನ ಪೈಪು ಎಲ್ಲ ತೊಳೆದ ಮೇಲೆ ಕುದುರೆಗಳನ್ನಷ್ಟೇ ಹಾಗೇ ಬಿಡಲು ಅವಳಿಗೆ ಮನಸ್ಸು ಬಂದಿರಲಿಲ್ಲ. ನಸುಕಿನಿಂದ ಉಪ್ಪು, ಇಟ್ಟಿಗೆಪುಡಿ ಸೇರಿಸಿ ತಿಕ್ಕಿದ್ದಳು.

"ಕಿಲುಬು ಹಿಡ್ದಿತ್ತು ಸಾ. ಹಬ್ಬಕ್ಕೆ ಹಂಗೇ ಬುಡೋಕಾಯ್ತದಾ?"

"ಅದು ಕಿಲುಬಲ್ಲ ಕಣಮ್ಮ. ಮಹಾರಾಜ್ರ ಕಾಲದಿಂದ ಗಾಳಿ ಮಳೆ ಕುಡ್ದು ಕೂತಿದ್ ಬಣ್ಣ. ಅದೇ ಅದ್ರ ಬೆಲೆ. ಮತ್ತೆ ಬರ್ಬೇಕಂದ್ರೆ ನಿನ್ ಮೊಮ್ಮಕ್ಕಳು ಮುದುಕ್ರಾಗ್ಬೇಕು."

ಅವಳು ತಿರುಗಿ ನೋಡಿದಳು. ಇಷ್ಟು ಹೊತ್ತು ಚೆಂದ ಕಂಡಿದ್ದು ಈಗ ಬತ್ತಲೆ ನಿಂತಂತೆ ಕಂಡಿತು.

ಚನ್ನೇಶ್ ದನಿ ತಗ್ಗಿಸಿದ. "ಮಧ್ಯಾಹ್ನ ಇಂಜಿನಿಯರ್ ಮೇಡಂ ಬರ್ತಾರೆ. ಅಷ್ಟ್ರಲ್ಲಿ ಅದನ್ನೂ ತಿಕ್ಬುಡು. ಎರಡೂ ಒಂದೇ ಥರ ಇದ್ರೆ ಯಾರ್ ಕೇಳ್ತಾರೆ? ಇಲ್ದಿದ್ರೆ ಕೆಲ್ಸ ಮರ್ತ್ಬುಡು."

ಅವಳ ಕೆಲಸ ಈ ವರ್ಷ ಖಾಯಂ ಆಗುವುದರಲ್ಲಿತ್ತು. ಕುಣಿಗಲ್ಲಿನಲ್ಲಿ ನರ್ಸಿಂಗ್ ಓದುವ ಮಗಳು ಇಂಪನಾಳಿಗೆ ಆಗಲೇ ಹೇಳಿಬಿಟ್ಟಿದ್ದಳು.

ಬಕೆಟ್ಟು ಎತ್ತಿಕೊಂಡು ಬಲಗಡೆಯ ಕಟ್ಟೆ ಹತ್ತಿದಳು. ದಿನಾ ಧೂಳು ಹೊಡೆಯುತ್ತಿದ್ದರೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬೆನ್ನ ಮೇಲೆ ರಾಗಿಮುದ್ದೆಯ ಬಣ್ಣ. ಜೂಲಿನ ಮಡಿಕೆಗಳಲ್ಲಿ ವೀಳ್ಯದೆಲೆಯ ಹಸಿರು. ಕತ್ತಿನ ಮೇಲೆ ಒದ್ದೆ ಕೈ ಇಟ್ಟಳು, ತೆಗೆದಳು.

"ಏನ್ ನೋಡ್ತಾ ಕೂತ್ಯಮ್ಮಾ? ಹೆಣ್ ನೋಡೋಕ್ ಬಂದಿದೀಯಾ?"

"ಅದನ್ನ ಗೊತ್ತಿಲ್ದೆ ಮಾಡ್ದೆ. ಇದನ್ನ ಗೊತ್ತಿದ್ದೂ ಹೆಂಗ್ ಮಾಡ್ಲಿ ಸಾ?"

ಚನ್ನೇಶ್ ಅತ್ತಿತ್ತ ನೋಡಿದ. "ನನ್ ಹೆಸ್ರು ಮಾತ್ರ ಎತ್ಬೇಡ," ಎಂದು ನೆರಳಿಗೆ ಹೋದ.

ಊಟದ ಹೊತ್ತು ದಾಟಿದ ಮೇಲೆ ಊರಾಚೆಯ ಶಿರಾ ಗೇಟ್ ಕಡೆಯಿಂದ ಜೀಪು ಬಂತು. ಮೇಡಂ ಇಳಿದು ಒಂದು ಕುದುರೆ ನೋಡಿದರು, ಇನ್ನೊಂದು ನೋಡಿದರು.

"ಯಾರ್ ಮಾಡಿದ್ದಿದು?"

ಚನ್ನೇಶ್ ಮೊಬೈಲು ನೋಡತೊಡಗಿದ.

"ನಾನೇ ಮೇಡಂ. ಹಬ್ಬ ಅಂತ," ಎಂದಳು ಸರ್ವಮಂಗಳ.

ಮೇಡಂ ಬೈಯಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು. "ರಿಪೋರ್ಟಿಗೆ ಫೋಟೋ ಹಾಕ್ಬೇಕು. ಕುದುರೆ ಪಕ್ಕ ನಿಂತ್ಕೊಳ್ಳಿ," ಎಂದರು.

ಯಾವ ಕುದುರೆ ಎಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸೆರಗಿಗೆ ಕೈ ಒರೆಸಿ, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಎಡಗಡೆಗೆ ನಡೆದಳು. ಬಿಸಿಲಿಗೆ ಕಾದಿದ್ದ ಅದರ ಮಂಡಿಯ ಮೇಲೆ ಕೈಯಿಟ್ಟು, ತೆಗೆಯದೆ, ನೆಟ್ಟಗೆ ನಿಂತಳು.