ನೂರಾ ಹನ್ನೆರಡನೆಯ ಪುಟ

ಕಮಲಾಪುರದ ಗ್ರಂಥಾಲಯದಲ್ಲಿ ಪುಸ್ತಕ ವಾಪಸು ಕೊಡುವುದು ಅಷ್ಟು ಸುಲಭವಲ್ಲ. ಮೇಜಿನ ಮೇಲಿಟ್ಟು ಜಾರಿಕೊಳ್ಳೋಣವೆಂದರೆ ಗ್ರಂಥಪಾಲಕಿ ಪಂಚಶೀಲಾ ಬಿಡುವವಳಲ್ಲ. ‘ಏನ್ ಹಿಡಿಸ್ತು, ಒಂದ್ ಮಾತ್ ಹೇಳ್ರಿ’ ಎನ್ನುತ್ತಾಳೆ. ಹೇಳಿದ ಮೇಲೆಯೇ ಠಸ್ಸೆ. ಇಲಾಖೆಯ ಯಾವ ನಿಯಮದಲ್ಲೂ ಇದಿಲ್ಲ. ಆದರೂ ಹನ್ನೊಂದು ವರ್ಷದಿಂದ ನಡೆದುಬಂದಿದೆ.

ಹೀಗಾಗಿ ಊರಿನ ರುಚಿಯೆಲ್ಲ ಅವಳಿಗೆ ಗೊತ್ತು. ಬಾಳೆ ಬೆಳೆಯುವ ಕಾಶಿರಾಯನಿಗೆ ಕೃಷಿ ಪುಸ್ತಕವೇ ಬೇಕು, ಅದರಲ್ಲಿ ತಪ್ಪು ಹುಡುಕುವ ಖುಷಿಗೆ. ಪೊಲೀಸ್ ಪರೀಕ್ಷೆಗೆ ಓದುತ್ತಿರುವ ಸಪ್ನಾ ಪತ್ತೇದಾರಿ ಕಾದಂಬರಿಯ ಕೊನೆಯ ಪುಟ ಮೊದಲು ನೋಡಿ, ಕಳ್ಳ ಯಾರೆಂದು ಗೊತ್ತಾದ ಮೇಲೆ ನೆಮ್ಮದಿಯಿಂದ ಶುರುಮಾಡುತ್ತಾಳೆ. ಬಂಡೆಮ್ಮ ಟೀಚರ್ ಒಯ್ಯುವುದು ಪ್ರವಾಸ ಕಥನ. ಬಸ್ಸು ಹತ್ತಿದರೆ ವಾಂತಿ, ಹಾಗಾಗಿ ಅವರು ಲೋಕವನ್ನೆಲ್ಲ ಕೂತಲ್ಲೇ ಸುತ್ತಿದ್ದಾರೆ.

ಇಷ್ಟು ಜನರನ್ನು ಕೇಳುವ ಪಂಚಶೀಲಾಳನ್ನು, ನಿನಗೇನು ಹಿಡಿಸಿತು ಎಂದು ಕೇಳುವವರು ಯಾರೂ ಇರಲಿಲ್ಲ. ಮೊದಲು ಅವ್ವ ಕೇಳುತ್ತಿದ್ದಳು. ಅವ್ವ ತೀರಿಕೊಂಡು ಎರಡು ವರ್ಷ. ಈಗ ಸಂಜೆ ಕಲಬುರಗಿಯಲ್ಲಿ ಬಸ್ಸಿಳಿದು, ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ತರಕಾರಿ ಕೊಂಡು, ಕೋಟನೂರಿನ ಮನೆಯ ಬೀಗ ತೆಗೆದರೆ, ಮರುದಿನ ಬೆಳಿಗ್ಗೆ ಕಂಡಕ್ಟರ್ ಆಧಾರ್ ಕಾರ್ಡ್ ಕೇಳುವವರೆಗೆ ಅವಳಿಗೆ ಮಾತಿಲ್ಲ.

ರಟ್ಟು ಹರಿದು ಹೆಸರೇ ಉಳಿಯದ ಹಳೆಯ ಕಾದಂಬರಿಯೊಂದು ಕೈಗೆ ಸಿಕ್ಕಿದ್ದು ಆ ದಿನಗಳಲ್ಲೇ. ಅದರ ನೂರಾ ಹನ್ನೆರಡನೆಯ ಪುಟದಲ್ಲಿ ಒಂಟಿ ಹೆಂಗಸೊಬ್ಬಳಿಗೆ, ತಾನು ಇಡೀ ದಿನ ಮಾತೇ ಆಡಿಲ್ಲವೆಂದು ಹೊಳೆಯುತ್ತದೆ. ದನಿ ಇದೆಯೋ ಹೋಗಿದೆಯೋ ನೋಡಲು ಆಕೆ ಅಡುಗೆಮನೆಯ ಪಾತ್ರೆಗಳ ಹೆಸರನ್ನು ಗಟ್ಟಿಯಾಗಿ ಹೇಳುತ್ತಾಳೆ: ತಂಬಿಗೆ, ಬೋಗುಣಿ, ಹಂಚು. ಪಂಚಶೀಲಾ ಅಲ್ಲಿ ಅತ್ತುಬಿಟ್ಟಳು. ಆ ಪುಟದಲ್ಲಿ ತನ್ನಂತೆಯೇ ನಿಂತವರು ಒಬ್ಬರಾದರೂ ಸಿಗಲಿ ಎಂಬ ಆಸೆ ಹತ್ತಿತು. ಬೇಡವೆಂದವರ ಚೀಲಕ್ಕೂ ಆ ಪುಸ್ತಕ ತುರುಕಿದಳು.

ಕಾಶಿರಾಯ, ‘ಹೊಲದ ಮಾತು ಖರೇ ಬರದಾನ್ರೀ, ರೈತನೇ ಇರಬೇಕು’ ಎಂದ. ಬಂಡೆಮ್ಮ ಟೀಚರಿಗೆ ರೈಲಿನ ಭಾಗ ಹಿಡಿಸಿತ್ತು. ಸಪ್ನಾ ಮಾತ್ರ, ‘ಚಲೋ ಅದ ಅಕ್ಕಾ. ನಡುವ ಆಕಿ ಭಾಂಡೆ ಹೆಸರು ಹೇಳ್ತಾಳಲ್ಲ, ಅದೊಂದ್ ಬೋರ್. ಹಾರಿಸಿಬಿಟ್ಟೆ’ ಎಂದಳು. ಪಂಚಶೀಲಾ ಠಸ್ಸೆ ಒತ್ತಿದಳು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಬೇಸಿಗೆಯಲ್ಲಿ ಇಮಾಮಬಿ ಬರತೊಡಗಿದಳು. ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವ ಮುದುಕಿ. ಓದು ಬಾರದು, ಮಧ್ಯಾಹ್ನದ ಬಿಸಿಲಿಗೆ ಫ್ಯಾನಿನ ಕೆಳಗೆ ಕೂರಲು ಬಂದವಳು. ಗಂಡ ಹೋಗಿ ಇಪ್ಪತ್ತು ವರ್ಷ, ಮಕ್ಕಳಿಲ್ಲ. ಸಿಕ್ಕರೆ ಈಕೆಯೇ ಎಂದುಕೊಂಡು ಪಂಚಶೀಲಾ ಅದೇ ಕಾದಂಬರಿಯನ್ನು ದಿನಕ್ಕಿಷ್ಟು ಓದಿ ಹೇಳಿದಳು. ಒಂಬತ್ತನೆಯ ದಿನ ಆ ಪುಟ ಬಂತು. ನಿಧಾನಕ್ಕೆ ಓದಿದಳು: ತಂಬಿಗೆ, ಬೋಗುಣಿ...

‘ಅದು ಬಿಡು ಬೇಟಿ,’ ಎಂದಳು ಇಮಾಮಬಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. ‘ಅದೆಲ್ಲ ನನಗ ಗೊತ್ತದ. ದಿನಾ ಮಾಡ್ತೀನಿ. ಮುಂದ ಆಕಿದು ಏನಾತು, ಅದು ಹೇಳು.’

ಪಂಚಶೀಲಾ ಬಾಯಿ ತೆರೆದಳು. ಮುಂದೇನಾಯಿತೆಂದು ನೆನಪಾಗಲಿಲ್ಲ. ನಾಲ್ಕು ಸಲ ಓದಿದ್ದಳು. ನಾಲ್ಕು ಸಲವೂ ಮನಸ್ಸು ಈ ಪುಟದಲ್ಲೇ ಕೂತುಬಿಟ್ಟಿತ್ತು.

‘ಗೊತ್ತಿಲ್ಲ ಖಾಲಾ’ ಎಂದಳು.

‘ಮತ್ತ ನೋಡೂಣು, ತಿರುವು’ ಎಂದು ಇಮಾಮಬಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.