ಬಾಳೆನಾರಿನ ಗಂಟು

ತೊಂಬತ್ತಾರು, ತೊಂಬತ್ತೇಳು — ಕಪ್ಪು ಪರದೆಯ ಮೇಲೆ ಅಂಕಿ ಒಲೆಯ ಮೇಲಿನ ಹಾಲಿನ ಹಾಗೆ ಏರುತ್ತಿದೆ, ಪಂಚಶೀಲಾ ಕಣ್ಣು ಕೀಳಲಿಲ್ಲ, ಸರ್ವರ್ ಇರುವುದು ಎಲ್ಲೋ ಹೈದರಾಬಾದಿನಲ್ಲಿ, ಅದರ ಮೆಮೊರಿ ತುಂಬುವುದನ್ನು ಕುಸನೂರಿನ ಈ ಆಫೀಸಿನ ಕಿಟಕಿಯ ಪಕ್ಕ ಕೂತು ನೋಡಬೇಕು, ಪೂರ್ತಿ ತುಂಬಿದರೆ ನಲವತ್ತು ಊರಿನ ರೈತರಿಗೆ ಬಾವಿ ನೀರಿನ ಮಟ್ಟ ತಿಳಿಸುವ ಸಂದೇಶ ನಿಂತುಹೋಗುತ್ತದೆ, ಮುಂಜಾನೆಯಿಂದ ಎರಡು ಸಲ ನಿಂತಿದೆ, ಎರಡು ಸಲವೂ ಎಬ್ಬಿಸಿದ್ದಾಳೆ, ಎಬ್ಬಿಸಿದಾಗಲೆಲ್ಲ ಹಳೆಯ ಭಾರ ಹೊತ್ತುಕೊಂಡೇ ಏಳುತ್ತದೆ. ಯಾವುದು ಇಷ್ಟು ತಿನ್ನುತ್ತಿದೆ ಎಂದು ಸರ್ವರನ್ನೇ ಕೇಳಿದಳು, ಪಟ್ಟಿ ಬಂತು, ಸಾಲಿಗೆ ಸಾಲು ಒಂದೇ ಹೆಸರು — ಕಮಲಾಪುರ, ಕಮಲಾಪುರ — ಅರುಣಕುಮಾರ ಇಲ್ಲಿ ಜೊತೆಗೆ ಕೆಲಸಕ್ಕಿದ್ದಾಗ ಬರೆದ ಪ್ರೋಗ್ರಾಮು, ಕಮಲಾಪುರದ ಅವನ ಮನೆಯ ತೋಟದ ಬಾವಿಯಲ್ಲಿ ನೀರು ಅಳೆಯುವ ಪೆಟ್ಟಿಗೆಗೆ ನಿಮಿಷಕ್ಕೊಮ್ಮೆ ನೀರೆಷ್ಟು ಎಂದು ಕೇಳುವುದು, ಉತ್ತರ ಬರುವ ತನಕ ಕಾಯುವುದು. ಎಷ್ಟೊತ್ತು ಕಾಯಬೇಕಂತ ಒಂದು ಸಾಲು ಬರಿ ಅರುಣ ಅಂದಿದ್ದಳು ಪೆಟ್ಟಿಗೆ ಕೂಡಿಸಲು ಹೋದ ದಿನ, ಅವನ ತೋಟದ ಕೆಂಪು ಬಾಳೆಯ ನೆರಳಿನಲ್ಲಿ, ಕಂಬಕ್ಕೆ ಪೆಟ್ಟಿಗೆ ಬಿಗಿಯಲು ತಂತಿ ಸಾಲದೆ ಅವಳೇ ಬಾಳೆನಾರು ಹೊಸೆದು ಗಂಟು ಹಾಕುತ್ತಿದ್ದಳು, ಅವನು ನಕ್ಕ, ನಮ್ಮೂರಾಗ ಕರೆಂಟ್ ಹೋದ್ರ ಯಾವಾಗ ಬರ್ತದಂತ ಯಾರಿಗಿ ಗೊತ್ತದ, ಕಾಯಲಿ ಬಿಡು, ಬಂದೇ ಬರ್ತದ. ಅವನ ಅವ್ವ ಜಯದೇವಿ ಕಟ್ಟೆಯ ಮೇಲೆ ಕೂಡಿಸಿ ರೊಟ್ಟಿಯ ಮೇಲೆ ರೊಟ್ಟಿ ಬಡಿಸಿದರು, ಅಡ್ಡಹೆಸರು ಕೇಳಿದ ಮೇಲೆ ಒಳಗೆ ಬಾ ಎನ್ನಲಿಲ್ಲ, ಬಸ್ಸಿನ ತನಕ ಬಂದ ಅವನು, ಸ್ವಲ್ಪ ತಡಿ ಪಂಚಶೀಲಾ, ಅವ್ವಗ ನಾ ಹೇಳ್ತೀನಿ. ಎರಡು ವರ್ಷ. ಕೆಲಸ ಬಿಟ್ಟು ತೋಟಕ್ಕೆ ಹೋದ, ಫೋನು ಅಪರೂಪವಾಯಿತು, ಆಮೇಲೆ ಅದೂ ಇಲ್ಲ, ಪೆಟ್ಟಿಗೆ ಮಾತ್ರ ಉತ್ತರಿಸುತ್ತಿತ್ತು, ದಿನಾ ಚಹಾಕ್ಕೆ ಮೊದಲು ಅದನ್ನೇ ನೋಡುತ್ತಿದ್ದಳು — ಹನ್ನೊಂದು ಅಡಿ, ಹತ್ತೂವರೆ, ಅಂದರೆ ಗಂಟು ಇನ್ನೂ ಹಿಡಿದಿದೆ. ಕೊನೆಯ ಉತ್ತರ ಯಾವತ್ತಿನದು, ಸೋಮವಾರ, ಹತ್ತು ನಲವತ್ತು, ಅಲ್ಲಿಂದ ನಾಲ್ಕು ದಿನದ ಪ್ರಶ್ನೆಗಳು ಒಂದರ ಹಿಂದೊಂದು ಕೂತಿವೆ, ಕರೆಂಟು ಹೋಗಿರಬೇಕು, ಬರುತ್ತದೆ, ತೊಂಬತ್ತೆಂಟು — ಮೇಲಿನವರಾದ ಸುಧಾಕರ ಸರ್ ಅವರ ಫೋನು, ಕಮಲಾಪುರದ್ದು ತೆಗದುಬಿಡ್ರಿ ಮೇಡಂ, ಅಲ್ಲಿ ಪೆಂಡಾಲ ಹಾಕಲಾಕ ಕಂಬನೇ ಕಿತ್ತಾರಂತ, ಅರುಣಕುಮಾರಂದು ಲಗ್ನ ಅಲ್ಲೇನ್ರಿ, ನಿಮಗ ಕಾರ್ಡ್ ಬಂದಿಲ್ಲೇನು. ತೆಗಿತೀನಿ ಸರ್ ಅಂದಳು, ದನಿ ಸರಿಯಾಗಿಯೇ ಬಂತು. ಹೆಸರು ಅಳಿಸಿದಳು, ಕಾಯುತ್ತ ಕೂತಿದ್ದವನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದಳು, ಅಂಕಿ ಇಳಿಯಿತು, ಎಂಬತ್ತು, ಐವತ್ತು, ಮೂವತ್ತೊಂದು, ಸಂದೇಶಗಳು ಹೊರಟವು, ಮೂವತ್ತೊಂಬತ್ತು ಊರಿಗೆ, ಎಷ್ಟೊಂದು ಜಾಗ ಈಗ — ಕಂಬ ಕೀಳುವ ಮೊದಲು ಪೆಟ್ಟಿಗೆ ಬಿಡಿಸಿರಬೇಕು, ಎರಡು ಮಳೆಗಾಲ ನೆನೆದು ಒಣಗಿದ ನಾರು, ಯಾವ ಎಳೆ ಹಿಡಿದು ಎಳೆಯಬೇಕೆಂದು ಅವನೊಬ್ಬನಿಗೆ ತೋರಿಸಿದ್ದಳು, ಅವನೇ ಬಂದಿದ್ದನೋ, ಪೆಂಡಾಲಿನವರು ಕುಡುಗೋಲು ಹಾಕಿದರೋ, ಆ ಗಂಟು — ಬಿಚ್ಚಿದರೋ, ಕೊಯ್ದರೋ, ಆ ಗಂಟು