ಮದರ್‌ಗೆ ಉಳಿದ ಒಂದೇ ಪ್ರಾಸ

ಅಣ್ಣನಿಗೆ ಪ್ರಾಸ ಹುಡುಕಲು ಬರುವುದಿಲ್ಲ. ಈ ಗುಟ್ಟು ಕಾರ್ಡ್ ಕಾರ್ಖಾನೆಯಲ್ಲಿ ಇಬ್ಬರಿಗೇ ಗೊತ್ತಿತ್ತು, ಅವನಿಗೆ ಮತ್ತು ಅವನ ತಂಗಿಗೆ. ಉಳಿದವರೆಲ್ಲ ಅವನನ್ನು ‘ಕವಿಗಳೇ’ ಎಂದು ಕರೆದು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಪದದ ಅರ್ಥ, ಸ್ಪೆಲಿಂಗ್ ಕೇಳಲು ಒದಗುತ್ತಿದ್ದ ತಂಗಿಗೆ ಡಿಕ್ಷನರಿ ಎಂದು ಹೆಸರಿಟ್ಟಿದ್ದರು. ಡಿಕ್ಷನರಿಯನ್ನು ಯಾರು ಮೆರೆಸುತ್ತಾರೆ? ಬೇಕಾದಾಗ ತೆರೆಯುತ್ತಾರೆ, ಕೆಲಸ ಮುಗಿದ ಮೇಲೆ ಕಪಾಟಿಗೆ ತಳ್ಳುತ್ತಾರೆ.

ಅಪ್ಪ ಶುರು ಮಾಡಿದ ಕಾರ್ಖಾನೆ ಅದು. ಹುಟ್ಟುಹಬ್ಬ, ಮದುವೆ, ಬೇಗ ಗುಣವಾಗಿ ಎಂಬ ಹಾರೈಕೆ, ಎಲ್ಲಕ್ಕೂ ಇಂಗ್ಲಿಷ್ ಪದ್ಯದ ಕಾರ್ಡು. ಜನ ಬೈಯುವುದು ತಮ್ಮ ಭಾಷೆಯಲ್ಲಿ, ಹಾರೈಸುವುದು ಮಾತ್ರ ಇಂಗ್ಲಿಷಿನಲ್ಲಿ. ಆ ಪುಣ್ಯದಿಂದ ಈ ಮನೆಯ ಒಲೆ ಉರಿಯುತ್ತಿತ್ತು. ಪದ್ಯ ಕಟ್ಟಲು ಅಪ್ಪ ಕಲಿಸಿದ ರೀತಿಗೆ ‘ಬಾಲ ಮೊದಲು’ ಎಂದು ಹೆಸರು. ಹಾಳೆಯ ಬಲಗಡೆ ಪ್ರಾಸದ ಪದಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಬೇಕು, ಆಮೇಲೆ ಎಡಗಡೆ ಖಾಲಿ ಜಾಗ ತುಂಬಬೇಕು. ತುಂಬುವ ಕೆಲಸ ಅಣ್ಣನದು. ಬಾಲ ಹುಡುಕುವ ಕೆಲಸ, ಯಾರಿಗೂ ಗೊತ್ತಾಗದಂತೆ, ಇವಳದು. ಕತ್ತರಿಸುವ ಯಂತ್ರ ದಡದಡ ಅನ್ನುತ್ತಿದ್ದರೆ ಇವಳು ಪಕ್ಕದಲ್ಲಿ ನಿಂತು ಅಕ್ಷರಮಾಲೆಯನ್ನು ಒಂದೊಂದಾಗಿ ಪದದ ಮುಂದೆ ಹಚ್ಚಿ, ತುಟಿ ಅಲುಗಿಸಿ ಕೇಳಿಸಿಕೊಳ್ಳುವಳು. ಲವ್ ಎಂದರೆ ಡವ್, ಗ್ಲವ್, ಅಬವ್. ಹಾರ್ಟ್ ಎಂದರೆ ಆರ್ಟ್, ಪಾರ್ಟ್, ಸ್ಟಾರ್ಟ್.

ಇದಕ್ಕೆಲ್ಲ ಅವಳಿಗೆ ಬೇಜಾರಿರಲಿಲ್ಲ. ಹೆಸರು ಯಾರದಾದರೇನು ಎಂದು ಸುಮ್ಮನಿದ್ದಳು, ಅಮ್ಮ ಆಸ್ಪತ್ರೆ ಸೇರುವ ತನಕ.

ಅಮ್ಮನಿಗೆ ಶ್ವಾಸಕೋಶದ ಕಾಯಿಲೆ. ಅಣ್ಣ ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ. ಆಸ್ಪತ್ರೆಯ ವಾಸನೆ ತನಗೆ ಆಗಿಬರುವುದಿಲ್ಲವಂತೆ. ಅಪ್ಪ ಬಂದರೂ ಬಾಗಿಲಲ್ಲಿ ನಿಂತು ಡಾಕ್ಟರ್ ಏನಂದ್ರು ಎಂದು ಕೇಳಿ ಹೋಗುವರು. ಮಂಚದ ಪಕ್ಕದ ಕುರ್ಚಿ ಇವಳೊಬ್ಬಳ ಪಾಲಿಗಿತ್ತು. ಅಮ್ಮನ ಗಮನ ಬೇರೆ ಕಡೆ ತಿರುಗಿಸಲು ಇವಳು ಪ್ರಾಸದ ಆಟ ಆಡುತ್ತಿದ್ದಳು. ಒಂದು ಮಧ್ಯಾಹ್ನ ಮದರ್ ಎಂಬ ಪದ ತೆಗೆದುಕೊಂಡಳು.

“ಅದರ್, ಅನದರ್, ಬ್ರದರ್. ಅಷ್ಟೇ ಕಣಮ್ಮಾ. ನಿನಗೆ ಪ್ರಾಸವೇ ಕಮ್ಮಿ.”

ಅಮ್ಮ ಮಾಸ್ಕ್ ಸರಿಸಿದರು. “ಒಂದು ಬಿಟ್ಟೆ ನೋಡು. ಸ್ಮದರ್.” ಉಸಿರುಗಟ್ಟಿಸುವುದು ಎಂಬ ಪದ. ಎರಡು ಸಲ ಉಸಿರೆಳೆದುಕೊಂಡು ನಕ್ಕರು. “ನನಗೆ ಆಗ್ತಿರೋದೇ ಅದಲ್ವೇನೆ.”

ಅದು ಅಮ್ಮನ ಕೊನೆಯ ತಮಾಷೆ. ಆ ವಾರವೇ ಅಮ್ಮ ಹೋದರು. ಇವಳು ಆ ಪದಗಳನ್ನೇ ಬಾಲ ಮಾಡಿಕೊಂಡು ನಾಲ್ಕು ಸಾಲು ಕಟ್ಟಿದಳು. ಮದರ್, ಅದರ್, ಅನದರ್, ಕೊನೆಯ ಸಾಲಿಗೆ ಸ್ಮದರ್. ಅಣ್ಣ ಅದನ್ನು ಎತ್ತಿಕೊಂಡು ತಾಯಂದಿರ ದಿನದ ಕಾರ್ಡು ಮಾಡಿ ಹಿಂಬದಿಗೆ ತನ್ನ ಹೆಸರು ಹಾಕಿಸಿದ. ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವನು ಕೆಂಪು ಪೆನ್ನಿನಿಂದ ಅಮ್ಮನ ಪದವನ್ನು ಹೊಡೆದು ಹಾಕಿ, ಆ ಜಾಗದಲ್ಲಿ ಬ್ರದರ್ ಎಂದು ಬರೆದಿದ್ದ. ಆಸ್ಪತ್ರೆಯ ಮೆಟ್ಟಿಲು ಹತ್ತದವನು ಪದ್ಯದೊಳಗೆ ಹೋಗಿ ಅಮ್ಮನ ತಲೆದಿಂಬಿನ ಪಕ್ಕ ಕೂತಿದ್ದ.

“ಅಂಥ ಪದ ಹಾಕಿದ್ರೆ ಯಾರು ಕೊಂಡ್ಕೊಳ್ತಾರೆ? ಹುಚ್ಚಿ!” ಎಂದ.

ಕಾರ್ಡು ಬಿಸಿ ಬಿಸಿ ಖರ್ಚಾಯಿತು. ಅವಳಿಗೆ ಹೆಸರು ಬೇಕಿರಲಿಲ್ಲ, ಅಮ್ಮನ ಪದ ವಾಪಸ್ ಬೇಕಿತ್ತು. ಅಣ್ಣನ ಕೈಯಿಂದಲೇ ಬೇಕಿತ್ತು. ಹೊಂಚು ಹಾಕಿ ಕೂತಳು.

ವರ್ಷಕ್ಕೊಮ್ಮೆ ಪ್ಯಾಕಿಂಗ್ ಹಾಲ್‌ನಲ್ಲಿ ಕಾರ್ಡು ಮಾರುವ ಅಂಗಡಿಯವರ ಸಭೆ. ಅಲ್ಲೊಂದು ಪದ್ಧತಿ. ಯಾರಾದರೂ ಒಂದು ಪದ ಕೂಗಬೇಕು, ಚಹಾ ಆರುವುದರೊಳಗೆ ಕವಿ ಎರಡು ಸಾಲು ಕಟ್ಟಬೇಕು. ಅಪ್ಪನ ಕಟ್ಟುಪಾಡು ಏನೆಂದರೆ, ಆ ಪದಕ್ಕೆ ಕಾರ್ಡಿನಲ್ಲಿ ಒಮ್ಮೆ ಅಚ್ಚಾದ ಪ್ರಾಸ ಮತ್ತೆ ಬರಬಾರದು. ಪ್ರತಿವರ್ಷ ತಂಗಿ ನೀರಿನ ಲೋಟ ತಂದಿಡುವಳು, ಲೋಟದ ಕೆಳಗೆ ಪ್ರಾಸದ ಚೀಟಿ ಇರುವುದು. ನೀರು ಕುಡಿದ ಕವಿಗೆ ಸ್ಫೂರ್ತಿ ಉಕ್ಕುವುದು. ಪಾಪ, ಅಂಗಡಿಯವರ ಕಿವಿಗೆ ಇಷ್ಟು ವರ್ಷ ಹೂ ಇಟ್ಟವರಲ್ಲಿ ಇವಳೂ ಒಬ್ಬಳು.

ಈ ಸಲ ಅವಳು ಬಾಗಿಲಲ್ಲೇ ದಪ್ಪ ಕನ್ನಡಕದ ಅಂಗಡಿಯಾಕೆಯನ್ನು ಹಿಡಿದಳು. ಆಕೆ ಅಮ್ಮನ ಹಳೇ ಗೆಳತಿ. “ಅಕ್ಕಾ, ಈ ವರ್ಷ ನೀವೇ ಪದ ಕೂಗಿ. ಅಮ್ಮನ ನೆನಪಿಗೆ ಮದರ್ ಅನ್ನಿ,” ಎಂದಳು. ಆಕೆಯ ಕಣ್ಣು ಒದ್ದೆಯಾಯಿತು.

“ಮದರ್!” ಎಂದು ಆಕೆ ಕೂಗಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಅಣ್ಣ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಇವಳು ಲೋಟ ತಂದಿಟ್ಟಳು. ಅವನು ಎತ್ತಿ ಕುಡಿದ, ಕೆಳಗೆ ನೋಡಿದ. ಚೀಟಿಯಲ್ಲಿ ಇದ್ದದ್ದು ಒಂದೇ ಪದ. ತಾನೇ ಕೆಂಪು ಪೆನ್ನಿನಿಂದ ಹೊಡೆದದ್ದು.

ಅವನ ಮುಖ ಸುಣ್ಣದಂತಾಯಿತು. ತಂಗಿಯತ್ತ ನೋಡಿದ. ಅವಳು ನೆಟ್ಟ ಕಣ್ಣು ತೆಗೆಯಲಿಲ್ಲ.

“ಅನದರ್...” ಎಂದು ಶುರು ಮಾಡಿದ.

“ಅದು ಕಾರ್ಡಲ್ಲಿದೆ!” ಎಂದು ಯಾರೋ ನಕ್ಕರು.

“ಬ್ರದರ್...”

“ಅದೂ ಇದೆ ಕವಿಗಳೇ! ಹಳೇ ಸರಕು ಬೇಡ!”

ಚಹಾ ಆರುತ್ತಿತ್ತು. ಅಪ್ಪ ಮುಂದಿನ ಸಾಲಿನಿಂದ ಹುಬ್ಬು ಗಂಟಿಕ್ಕಿದರು. “ಬೇರೆ ಇಲ್ವೇನೋ?”

“ಇಲ್ಲ ಅಪ್ಪ. ಇಂಗ್ಲಿಷಲ್ಲಿ ಇರೋದೇ ಇಷ್ಟು.”

“ಇದೆ,” ಎಂದಳು ತಂಗಿ. ಈ ಒಂದು ಮಾತಿಗಾಗಿ ಅವಳು ಎಷ್ಟು ದಿನ ಹಲ್ಲು ಕಚ್ಚಿದ್ದಳೋ, ಅಷ್ಟೂ ಖುಷಿ ಅವಳ ಗಂಟಲಿಗೆ ಏರಿತ್ತು. ಪೂರ್ತಿ ಪದ್ಯ ಹೇಳಿದಳು, ಹೊಡೆದು ಹಾಕಿದ್ದ ಸಾಲಿನ ಸಮೇತ. ಕೊನೆಯ ಪದ ಅಮ್ಮನದು ಎಂದೂ ಸೇರಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ದಪ್ಪ ಕನ್ನಡಕದಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ಅವಳನ್ನೂ ಅಣ್ಣನನ್ನೂ ಒಳಗಿನ ಕೋಣೆಗೆ ಕರೆದರು. “ಆ ಪದ... ನಿಮ್ಮಮ್ಮನೇ ಹೇಳಿದ್ದಾ?”

“ಹೌದು ಅಪ್ಪ. ಮಾಸ್ಕ್ ಸರಿಸಿ ಹೇಳಿದ್ರು. ನೀವು ಬಾಗಿಲ ತನಕ ಬಂದು ಹೋದ ದಿನವೇ.”

ಏಟು ಅಪ್ಪನಿಗೂ ಬಿತ್ತು. ಬೀಳಲಿ ಎಂದೇ ಅವಳು ಹೇಳಿದ್ದು. ಕಾರ್ಡು ಹೊಸದಾಗಿ ಅಚ್ಚಾಗಲಿ, ಆ ಸಾಲು ಇರಲಿ, ನಿನ್ನ ಹೆಸರು ಹಾಕೋಣ ಎಂದರು ಅಪ್ಪ.

ಅಣ್ಣ ತಕ್ಷಣ ತಲೆಯಾಡಿಸಿದ. “ಹಾಕ್ಕೊಳ್ಳಲಿ ಬಿಡಿ ಅಪ್ಪ. ಆ ಸಾಲಿದ್ರೆ ಒಂದೂ ಮಾರಾಟ ಆಗಲ್ಲ. ನನಗೆ ಆ ಕಾರ್ಡಿನ ಸಹವಾಸವೇ ಬೇಡ.”

“ಹೆಸರು ನಿಂದೇ ಇರ್ಲಿ ಅಣ್ಣ,” ಎಂದಳು ಅವಳು ಬೆಣ್ಣೆಯಂಥ ದನಿಯಲ್ಲಿ. “ಅಲ್ವಾ ಅಪ್ಪ?”

ಅಪ್ಪ ಮಗನ ಮುಖ ನೋಡಿದರು. “ಇರ್ಲಿ,” ಎಂದರು.

ಹೊಸ ಕಾರ್ಡಿನ ಮೊದಲ ಕಟ್ಟಿಗೆ ಕವಿಯೇ ಕೈಯಾರೆ ಸಹಿ ಹಾಕುವುದು ಆ ಕಾರ್ಖಾನೆಯ ವಾಡಿಕೆ. ಮಸಿ ಒಣಗುತ್ತಲೇ ಅವಳು ಕಟ್ಟು ತಂದು ಅಣ್ಣನ ಮೇಜಿನ ಮೇಲಿಟ್ಟಳು. ಕೆಂಪು ಪೆನ್ನನ್ನೂ ಇಟ್ಟಳು. ಅವನು ಕಣ್ಣು ಬೇರೆಡೆ ತಿರುಗಿಸಿಕೊಂಡು ಸರಸರ ಗೀಚತೊಡಗಿದ.

ಅವಳು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು.

“ಹಾಗಲ್ಲ ಅಣ್ಣ,” ಎಂದಳು. “ಕೊನೇ ಸಾಲು ಜೋರಾಗಿ ಓದು. ಓದಿ ಸಹಿ ಹಾಕು. ಪ್ರತಿ ಕಾರ್ಡಿಗೂ.”